ಡಾಕ್ಟರ್ ಮೇಡಂ ಬಡಿದ ರೊಟ್ಟಿ

ಜೋಳದ ಹಿಟ್ಟಿಗೆ ಕುದಿನೀರು ಬಿದ್ದ ಕ್ಷಣದಲ್ಲಿ ಒಂದು ವಾಸನೆ ಏಳುತ್ತದೆ. ಪುಣೆಯ ಕೋಥರೂಡದ ನಮ್ಮ ಮನೆಯಲ್ಲಿ ಅದು ದಿನನಿತ್ಯದ್ದು. ಅದಕ್ಕೆ ಯಾರೂ ತಲೆಯೆತ್ತುವುದಿಲ್ಲ. ಆದರೆ ಈ ಬೆಳಿಗ್ಗೆ ಆ ವಾಸನೆಯೇ ನನ್ನನ್ನು ಹಲವು ವರ್ಷಗಳ ಹಿಂದಿನ ಒಂದು ಆಸ್ಪತ್ರೆಯ ಕೋಣೆಗೆ ಕರೆದೊಯ್ದಿತು. ಆಸ್ಪತ್ರೆಯಲ್ಲಿ ಜೋಳದ ಹಿಟ್ಟಿಗೇನು ಕೆಲಸ ಎಂದು ಕೇಳುವುದು ಸಹಜ. ಅದನ್ನೇ ಇಲ್ಲಿ ಹೇಳಬೇಕಾಗಿದೆ.

ಆಗ ನಾವು ಪುಣೆಯ ಪಕ್ಕದ ಚಿಂಚವಾಡದಲ್ಲಿದ್ದೆವು. ಅವ್ವ ಮನೆಯ ಮುಂದಿನ ಕೋಣೆಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಕಾರ್ಖಾನೆಯ ಪಾಳಿ ಮುಗಿಸಿ ಬರುತ್ತಿದ್ದ ಉತ್ತರ ಕರ್ನಾಟಕದ ನಮ್ಮ ಕಡೆಯ ಹುಡುಗರು ಅವಳ ಬಿಸಿ ರೊಟ್ಟಿಗಾಗಿ ಕಾದು ಕೂರುತ್ತಿದ್ದರು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳು. ಆ ಪದವಿ ಅವಳ ಬಲಗೈಯಿಂದ ಬಂದದ್ದು ಎಂದರೆ ಅದು ಅಲಂಕಾರದ ಮಾತಲ್ಲ. ಆ ಬಲಗೈಯ ಕಡೆಯ ಸ್ತನದಲ್ಲಿಯೇ ಗಂಟು ಕಾಣಿಸಿಕೊಂಡಿತು. ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಎಂದು ತಿಳಿಯಿತು.

ಅವ್ವನ ಹೆದರಿಕೆ ರೋಗದ್ದಾಗಿರಲಿಲ್ಲ. ನಮ್ಮ ಓಣಿಯ ಹೆಂಗಸೊಬ್ಬರು ಇಂಥದೇ ಶಸ್ತ್ರಚಿಕಿತ್ಸೆಯ ನಂತರ, ಬಾತುಹೋದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ದಿನವಿಡೀ ಕೂರುತ್ತಿದ್ದರು. ಅದನ್ನು ಅವಳು ನೋಡಿದ್ದಳು.

“ಕೈ ಹೋದ ಮ್ಯಾಲ ಜೀವ ಇಟ್ಕೊಂಡು ಏನ್ ಮಾಡ್ಲಿ? ನಾ ಒಲ್ಲೆ,” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಹೇಗೋ ಒಪ್ಪಿಸಿ, ಪುಣೆಯ ದೊಡ್ಡ ಬೋಧನಾ ಆಸ್ಪತ್ರೆಯೊಂದಕ್ಕೆ ಅವಳನ್ನು ಕರೆದೊಯ್ದೆ. ಅಲ್ಲಿದ್ದ ಶಸ್ತ್ರವೈದ್ಯೆ ಪ್ರಾಧ್ಯಾಪಕಿಯೂ ಹೌದು. ಅವರ ಸುತ್ತ ಸದಾ ವಿದ್ಯಾರ್ಥಿಗಳಿರುತ್ತಿದ್ದರು. ಏನು ಕೇಳಬೇಕು, ಯಾವ ಮರಾಠಿ ವಾಕ್ಯ ತಪ್ಪಿಲ್ಲದೆ ಹೇಳಬೇಕು ಎಂದು ನಾನು ಬಸ್ಸಿನಲ್ಲಿ ಉದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಆ ಡಾಕ್ಟರ್ ಮೇಡಂ ನನ್ನನ್ನು ದಾಟಿ ಅವ್ವನ ಪಕ್ಕದಲ್ಲಿ ಕುಳಿತು, ಕನ್ನಡದಲ್ಲಿಯೇ ಕೇಳಿದರು:

“ಆಯೀ, ಈ ಕೈಲೆ ಏನೇನ್ ಮಾಡ್ತೀರಿ?”

“ರೊಟ್ಟಿ ಬಡೀತೀನ್ರಿ.”

“ದಿನಾ ಎಷ್ಟು?”

“ಎಣಿಸಿದವ್ರು ಯಾರ್ರಿ? ಹುಡುಗೂರ ಹೊಟ್ಟಿ ತುಂಬೂತನಕ.”

ಮೇಡಂ ಸೊಲ್ಲಾಪುರದಲ್ಲಿ ಬೆಳೆದವರೆಂದು ಆಮೇಲೆ ತಿಳಿಯಿತು. ಯಾವ ರೋಗಿ ಬಂದರೂ ಗಂಟಿನ ವಿಷಯಕ್ಕಿಂತ ಮೊದಲು ಕೈಯ ವಿಷಯ ಕೇಳುವುದು ಅವರ ಪದ್ಧತಿಯಾಗಿತ್ತು. ಅವರ ಬಹುಕಾಲದ ಸಂಶೋಧನೆಯೂ ಅದರ ಮೇಲೆಯೇ. ಕ್ಯಾನ್ಸರ್ ಹರಡಬಹುದಾದ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆದುಹಾಕಿದರೆ ಕೈ ಬಾತುಕೊಳ್ಳುವ ಸಂಭವ ಹೆಚ್ಚು. ಆದ್ದರಿಂದ ನೀಲಿ ಬಣ್ಣವೊಂದನ್ನು ಚುಚ್ಚಿ, ಆ ಬಣ್ಣ ಮೊದಲು ತಲುಪುವ ಗ್ರಂಥಿಯನ್ನಷ್ಟೇ ತೆಗೆದು ಪರೀಕ್ಷಿಸಬೇಕು. ರೋಗ ಅಲ್ಲಿಗೆ ಮುಟ್ಟಿರದಿದ್ದರೆ ಉಳಿದವನ್ನು ಬಿಟ್ಟುಬಿಡಬೇಕು. ಇಂದು ಇದು ಸಾಮಾನ್ಯ ಸಂಗತಿ. ಆ ದಿನಗಳಲ್ಲಿ ಅವರ ವಿಭಾಗದ ಹಿರಿಯರೇ ಇದನ್ನು ಒಪ್ಪಿರಲಿಲ್ಲವಂತೆ…

“ಕೈ ಉಳಿಸ್ತೀನಂತ ಮಾತ ಕೊಡೂದಿಲ್ಲ, ಆಯೀ,” ಎಂದರು ಮೇಡಂ. “ಮೊದಲನೇ ಗ್ರಂಥಿ ನೋಡ್ತೀನಿ. ಅದು ಸ್ವಚ್ಛ ಇದ್ರ ಉಳಿದವ್ನ ಮುಟ್ಟೂದಿಲ್ಲ. ಇಲ್ಲಂದ್ರ ತಗೀಬೇಕಾಗ್ತದ.”

ಇಷ್ಟು ನೇರವಾಗಿ ಹೇಳಿದರೆ ಅವ್ವ ಎದ್ದು ನಡೆದೇಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಹೊರಗೆ ಬಂದು ಸೆರಗು ಸರಿಮಾಡಿಕೊಂಡಳು. “ಸುಳ್ಳ ಹೇಳಲಿಲ್ಲ ನೋಡು ಆಕಿ. ಹಂಗಾದ್ರ ಮಾಡಿಸ್ಕೊಳ್ಳೂಣು,” ಎಂದಳು.

ಶಸ್ತ್ರಚಿಕಿತ್ಸೆಯ ದಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಆ ಹೊತ್ತು ಹೇಗೆ ಕಳೆಯಿತೆಂದು ಬರೆಯಲು ಇಂದಿಗೂ ನನಗೆ ಸರಿಯಾದ ಮಾತು ಸಿಕ್ಕಿಲ್ಲ. ಬಾಗಿಲು ತೆರೆಯಿತು. ಮೇಡಂ ಟೋಪಿ ತೆಗೆಯುತ್ತ ಬಂದು, “ಸ್ವಚ್ಛ ಅದ. ಉಳಿದವೆಲ್ಲಾ ಇದ್ದಲ್ಲೇ ಅದಾವ,” ಎಂದರು. ನಾನು ಮರಾಠಿ, ಕನ್ನಡ ಎರಡನ್ನೂ ಮರೆತು ಬರೀ ಕೈಮುಗಿದೆ.

ಕೈ ಉಳಿಯಿತು. ಆದರೆ ಉಳಿದ ಕೈಯನ್ನು ಅವ್ವ ಬಳಸಲು ಒಪ್ಪಲಿಲ್ಲ! ರೊಟ್ಟಿಗಾಗಿ ಅದನ್ನು ಜೋಪಾನ ಮಾಡಬೇಕೆಂದು ಹಳೆಯ ಶಾಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಕುಳಿತಳು. ಹೇಳಿಕೊಟ್ಟ ವ್ಯಾಯಾಮಗಳನ್ನೆಲ್ಲ ಬಿಟ್ಟಳು. ಗಾಯ ಮಾಯಿತು, ಭುಜ ಮಾತ್ರ ಬಿಗಿಯುತ್ತ ಹೋಯಿತು. ಹೀಗೇ ಬಿಟ್ಟರೆ ತೋಳು ಮೇಲೇಳುವುದೇ ಇಲ್ಲ ಎಂದು ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಸ್ವಲ್ಪ ಯೋಚಿಸಿ, ಮುಂದಿನ ಸಲ ಬರುವಾಗ ಹಿಟ್ಟು, ಅದನ್ನು ನಾದುವ ಪರಾತ ಮತ್ತು ಫ್ಲಾಸ್ಕಿನಲ್ಲಿ ಕುದಿನೀರು ತರಲು ತಿಳಿಸಿದರು.

ಆ ದಿನ ಪಾಠದ ಕೋಣೆಯ ಮೇಜಿನ ಮೇಲೆ ನಮ್ಮ ಪರಾತ ಕುಳಿತಿತು. ಸುತ್ತ ಬಿಳಿ ಕೋಟಿನ ವಿದ್ಯಾರ್ಥಿಗಳು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಮೇಡಂ ಕೋಟಿನ ತೋಳು ಮಡಚಿ, “ನನಗ ರೊಟ್ಟಿ ಬಡಿಯಾಕ ಬರೂದಿಲ್ಲ, ಆಯೀ. ಕಲಿಸ್ರಿ,” ಎಂದು ಹಿಟ್ಟು ಕಲಸಿಕೊಂಡು ಬಡಿಯತೊಡಗಿದರು. ಒಂದು ಕಡೆ ದಪ್ಪ, ಒಂದು ಕಡೆ ತೆಳುವು. ಕೊನೆಗೆ ನಟ್ಟನಡುವೆ ಹರಿಯಿತು.

ಅವ್ವ ತಡೆದುಕೊಳ್ಳಲಾರದೆ ಹೇಳಿಬಿಟ್ಟಳು: “ಮಂದಿ ಮೈಗೆ ಅಷ್ಟ ಛಲೋ ಹೊಲಿಗಿ ಹಾಕ್ತೀರಿ, ಬಾಯಾರ. ಇದಕ್ಕೂ ಎರಡ ಹಾಕ್ರಿ ಮತ್ತ!”

ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕು, ಹರಿದದ್ದನ್ನು ಮುದ್ದೆ ಮಾಡಿ ಮತ್ತೆ ಬಡಿದರು. ಮತ್ತೆ ಹರಿಯಿತು.

“ಹಂಗಲ್ರೀ, ಹಿಟ್ಟ ಕೆಡಸ್ತೀರಿ! ತರ್ರಿ ಇಲ್ಲೆ!”

ಶಾಲು ಜಾರಿಬಿತ್ತು. ಅವ್ವ ಬಲಗೈಯನ್ನೇ ಚಾಚಿ ಹಿಟ್ಟು ಕಸಿದುಕೊಂಡಳು, ಅಂಗೈಯಿಂದ ಒತ್ತಿ ನಾದಿದಳು, ಬಡಿದಳು. ರೊಟ್ಟಿ ಮೆಲ್ಲಗೆ ತಿರುಗುತ್ತ ಅಗಲವಾಯಿತು. ನೋವಿಗೆ ಒಮ್ಮೆ ಹುಬ್ಬು ಗಂಟಿಕ್ಕಿತು, ಆದರೆ ಕೈ ನಿಲ್ಲಲಿಲ್ಲ. ಮೇಡಂ ವಿದ್ಯಾರ್ಥಿಗಳಿಗೆ ಅವಳ ಭುಜದ ಕಡೆ ಕಣ್ಣಿನಲ್ಲೇ ತೋರಿಸಿದರು.

ಅಂದಿನಿಂದ ನಮ್ಮ ಖಾನಾವಳಿಯ ಒಲೆ ನಿಧಾನವಾಗಿ ಮತ್ತೆ ಹೊತ್ತಿಕೊಂಡಿತು…

ನಿನ್ನೆ ಅವ್ವನ ವರ್ಷದ ತಪಾಸಣೆಯಿತ್ತು. ಅಂದು ಆ ಕೋಣೆಯಲ್ಲಿ ನಿಂತಿದ್ದ ವಿದ್ಯಾರ್ಥಿಯೊಬ್ಬರೇ ಈಗ ಅಲ್ಲಿನ ಶಸ್ತ್ರವೈದ್ಯರು. ಎಲ್ಲವೂ ಸರಿಯಾಗಿದೆ ಎಂದರು. ಅವ್ವ ಎಂದಿನಂತೆ ಮೇಡಂ ಎಲ್ಲಿ ಎಂದು ಕೇಳಿದಳು. ಅವರು ಕನ್ನಡಕ ತೆಗೆದು, ಮೇಡಂ ಕಳೆದ ತಿಂಗಳು ತೀರಿಕೊಂಡರೆಂದು ಮೆಲ್ಲಗೆ ಹೇಳಿದರು. ಕನ್ನಡಕ ಒರೆಸುತ್ತ ತಾವಾಗಿಯೇ ಮಾತು ಮುಂದುವರಿಸಿದರು. ಮೇಡಂ ಮೊದಲಿನಿಂದಲೂ ಡಬ್ಬಿಯಲ್ಲಿ ತಾವೇ ಬಡಿದ ಭಾಕರಿ, ಅಂದರೆ ನಮ್ಮ ಜೋಳದ ರೊಟ್ಟಿಯನ್ನೇ, ತಂದು ತಮಗೆಲ್ಲ ಹಂಚುತ್ತಿದ್ದರಂತೆ. ಅಷ್ಟು ತೆಳುವಾದ ಭಾಕರಿ ಮತ್ತೆಲ್ಲಿಯೂ ತಿಂದಿಲ್ಲವಂತೆ.

ನಾನು ಬೆರಗಾಗಿ ಅವ್ವನ ಮುಖ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದಳು.

ಈ ಬೆಳಿಗ್ಗೆ ಹಿಟ್ಟಿನ ವಾಸನೆಗೆ ಎದ್ದುಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವಳು ಬಡಿಯುತ್ತಿದ್ದಳು; ಬಲಗೈ ಎಂದಿನ ಲಯದಲ್ಲಿ ಏಳುತ್ತ ಬೀಳುತ್ತ ಇತ್ತು. ನಾನು ಬಾಯಿ ತೆರೆಯುವ ಮೊದಲೇ, ತಿರುಗದೆ ಹೇಳಿದಳು:

“ಸೊಲ್ಲಾಪುರದಾಕಿಗೆ ರೊಟ್ಟಿ ಬರೂದಿಲ್ಲಂದ್ರ ಯಾರ್ ನಂಬ್ತಾರ? ನನಗ ಅವತ್ತ ಗೊತ್ತಿತ್ತು.” ಕೈ ಒಂದು ಗಳಿಗೆ ನಿಂತಿತು. “ನನ್ನ ಮುಂದ ಆಕಿ ಹೇಳಿದ್ದು ಅದೊಂದ ಸುಳ್ಳು.”

ಆಮೇಲೆ ಅವಳು ರೊಟ್ಟಿಯನ್ನೆತ್ತಿ ಹಂಚಿನ ಮೇಲೆ ಹಾಕಿದಳು.