ತಗಡಿನ ಕೆಳಗಿನ ತಂಪು

ಮನೆಮಾಲೀಕನಾಗುವ ಮೊದಲು ನಾನು ಒಳ್ಳೆಯ ಮನುಷ್ಯನಾಗಿದ್ದೆ ಎಂದು ಹೆಂಡತಿ ಹೇಳುತ್ತಾಳೆ. ಸಾಕ್ಷಿ ಅವಳೊಬ್ಬಳೇ. ಬಂದರಿನಲ್ಲಿ ದುಡಿದ ಹಣದಿಂದ ಬಂದರಿನ ಪಕ್ಕದ ಗುಡ್ಡ ಮಂಗೋರ್ ಹಿಲ್‌ನಲ್ಲಿ ಮನೆ ಕಟ್ಟಿಸಿ, ಅದರ ನೆತ್ತಿಗೆ ತಗಡಿನ ಕೋಣೆಯೊಂದನ್ನು ಕೂಡಿಸಿದಂದಿನಿಂದ ನನ್ನ ಗುಣ ಕೆಟ್ಟಿತಂತೆ.

ನಮ್ಮ ಗುಡ್ಡದಲ್ಲಿ ಮೆಟ್ಟಿಲು ಏರಿದಷ್ಟೂ ಬಾಡಿಗೆ ಇಳಿಯುತ್ತದೆ. ತಗಡಿಗೆ ಹತ್ತಿರವಾದಷ್ಟು ಸೆಖೆ, ಸೆಖೆ ಹೆಚ್ಚಿದಷ್ಟು ಸೋವಿ. ವಾಸ್ತುಶಾಸ್ತ್ರ ಬರೆದವರು ಬಾಗಿಲಿನ ದಿಕ್ಕಿಗೆ ತಲೆ ಕೆಡಿಸಿಕೊಂಡರೇ ಹೊರತು ತಗಡಿನ ಬಗ್ಗೆ ಚಕಾರವೆತ್ತಲಿಲ್ಲ. ಅವರ್ಯಾರೂ ಬಾಡಿಗೆಗೆ ಇದ್ದವರಲ್ಲವೆಂದು ಕಾಣುತ್ತದೆ. ಬಾದಾಮಿ ಕಡೆಯ ರೇಣುಕಾಳಿಗೆ ಆ ಕೋಣೆ ಸಿಕ್ಕಿದ್ದು ಸೆಖೆಯ ಕೃಪೆಯಿಂದಲೇ. ಅವಳ ಅಪ್ಪ ಕಟ್ಟಡಗಳ ಸೆಂಟ್ರಿಂಗ್ ಕೆಲಸದವನು, ಸೈಟಿನಿಂದ ಸೈಟಿಗೆ ಅಲೆಯುವವನು. ಕಾಲೇಜು ತಪ್ಪಬಾರದೆಂದು ಮಗಳನ್ನು ನಮ್ಮಲ್ಲಿ ಬಿಟ್ಟಿದ್ದ.

ಹುಡುಗಿಗೆ ಒಂದು ದುರ್ಬುದ್ಧಿ ಬಂತು. "ಕಾಕಾ, ತಗಡಿಗೆ ಸುಣ್ಣ ಬಳದ್ರ ಬಿಸಲು ಒಳಗ ಇಳಿಯೂದಿಲ್ರಿ. ಫ್ಯಾನಿನ ಕರೆಂಟೂ ಉಳಿತೈತಿ," ಎಂದಳು. ಸುಣ್ಣ ತಂದುಕೊಡುವಷ್ಟು ಔದಾರ್ಯ ನನ್ನಲ್ಲಿತ್ತು. ಗೋಂದು ಕಲಸಿ ರವಿವಾರವಿಡೀ ಬಗ್ಗಿ ಬಳಿದವಳು ಅವಳು. ಎದುರುಬದುರು ಎರಡು ಕಿಂಡಿಗಳನ್ನೂ ಬಿಡಿಸಿದಳು. ಕೋಣೆ ನಿಜಕ್ಕೂ ತಂಪಾಯಿತು. ಬಿಲ್ಲು ಇಳಿಯಿತು. ನನ್ನ ಹೆಂಡತಿ ಮಧ್ಯಾಹ್ನ ಅಡ್ಡಾಗಲು ಅವಳಲ್ಲಿಗೇ ಹೋಗತೊಡಗಿದಳು.

ನಾನು ಸುಮ್ಮನಿರಬೇಕಿತ್ತು. ಚಹಾದಂಗಡಿಯಲ್ಲಿ ಕೂತು, ಸುಣ್ಣವನ್ನು ಕಂಡುಹಿಡಿದವನೇ ನಾನೆಂಬಂತೆ ಕೊಚ್ಚಿಕೊಂಡೆ. ವಾರದೊಳಗೆ ಕಾರ್ಖಾನೆಗೆ ಹೊಸದಾಗಿ ಸೇರಿದ ಮೂವರು ಆ ಕೋಣೆಯನ್ನು ಕೇಳಿಕೊಂಡು ಬಂದರು. ದುಪ್ಪಟ್ಟು ಕೊಡುತ್ತಾರಂತೆ.

"ರೂಮು ಈಗ ಮೊದಲಿನಂಗಿಲ್ಲ ನೋಡವಾ, ತಂಪೈತಿ. ಬಾಡಿಗಿ ಸ್ವಲ್ಪ ಏರಸಬೇಕಾಗತೈತಿ," ಎಂದೆ ರೇಣುಕಾಳಿಗೆ. ದುಪ್ಪಟ್ಟಿಗೆ ಸ್ವಲ್ಪ ಎನ್ನುವುದು ಮನೆಮಾಲೀಕರ ಭಾಷೆ. ತಂಪು ಮಾಡಿದವರು ಯಾರೆಂದು ಅವಳು ಕೇಳಿದ್ದರೆ ನನ್ನ ಬಾಯಿ ಕಟ್ಟುತ್ತಿತ್ತು. ಅವಳು ಕೇಳಲಿಲ್ಲ. ಅಗ್ಗದ ಕೋಣೆ ಉಳಿಯಬೇಕಾದರೆ ಸೆಖೆಯೂ ಉಳಿಯಬೇಕಿತ್ತು ಎಂಬುದು ಅವಳಿಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ತಿಂಗಳು ಮುಗಿದೊಡನೆ ಪುಸ್ತಕ ಕಟ್ಟಿಕೊಂಡು ಹೋದಳು.

ಮೊನ್ನೆ ರೇಣುಕಾ ಬಸ್ಸಿನಲ್ಲಿ ಸಿಕ್ಕಳು.

"ಎಲ್ಲಿದ್ದೀಯವಾ?"

"ಅಪ್ಪನ ಕೂಡ, ಸೈಟಿನ ಶೆಡ್ಡಿನ್ಯಾಗರಿ."

"ಮತ್ತ ಕಾಲೇಜು?"

"ಭಾಳ ದೂರ ಆಗತೈತ್ರಿ. ಬಿಟ್ಟೆ."

ಸಿಟ್ಟಿಲ್ಲ, ದೂರಿಲ್ಲ. ಬಸ್ಸು ತುಂಬಿತ್ತು. ವಯಸ್ಸಾದವನು ನಿಂತಿದ್ದೇನೆಂದು ಎದ್ದು, "ಕುಂದರ್ರಿ ಕಾಕಾ," ಎಂದು ತನ್ನ ಸೀಟು ಬಿಟ್ಟುಕೊಟ್ಟಳು. ನಾನು ಕೂತುಬಿಟ್ಟೆ. ಇನ್ನೊಬ್ಬರ ಜಾಗ ಬಿಡಿಸುವುದು ಒಮ್ಮೆ ರೂಢಿಯಾದರೆ, ನಾಚಿಕೆ ಬರುವುದು ಕೂತ ಮೇಲೆ.