ರುಚಿ ನೋಡದೆ ಬಡಿಸಿದ ಡ್ರೈವರ್

ಒಂದೇ ಒಂದು ಸಾಲು ಬರೆದು ಮೂರು ವಾರ ಜಂಬ ಕೊಚ್ಚಿಕೊಂಡವನು ಕಲಬುರಗಿ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಕವಿಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ನನ್ನ ಸಾಲಿನಲ್ಲಿ ಇದ್ದದ್ದು ಕಾವ್ಯವಲ್ಲ, ನಮ್ಮ ಲ್ಯಾಪ್‌ಟಾಪಿನ ಮಾಡೆಲ್ ಹೆಸರು ಮತ್ತು ಕೊನೆಗೊಂದು ಅಲ್ಪವಿರಾಮ. ಮೊದಲ ಸಲ ಆ ಅಲ್ಪವಿರಾಮವನ್ನೂ ಮರೆತಿದ್ದೆ. ಆಮೇಲೆ ಹಾಕಿದೆ. ಹಾಗೆ ನೋಡಿದರೆ ಅದು ಎರಡು ಸಲದ ಪರಿಶ್ರಮ.

ಲ್ಯಾಪ್‌ಟಾಪಿನ ಕುಲಗೋತ್ರ ಮೊದಲು ಹೇಳುತ್ತೇನೆ. ಸೂಪರ್ ಮಾರ್ಕೆಟ್ಟಿನ ಅಂಗಡಿಯೊಂದಕ್ಕೆ ಯಾವುದೋ ಆಫೀಸಿನಿಂದ ಹಳೆಯ ಲ್ಯಾಪ್‌ಟಾಪುಗಳು ಬಂದಾಗ ನಮ್ಮ ತಂದೆ, ಅಂದರೆ ಬಾಬಾ, ಒಂದು ತಂದರು. ಅದರ ಅವಳಿಯನ್ನು ಕಮಲಾಪುರದಲ್ಲಿರುವ ನಮ್ಮ ಕಾಕಾ ಒಯ್ದರು. ನಮ್ಮದು ಎಷ್ಟು ನಿಧಾನವೆಂದರೆ, ಬಟನ್ ಒತ್ತಿ ಬಾಬಾ ಸಂಧ್ಯಾವಂದನೆಗೆ ಕೂತು, ಅರ್ಘ್ಯ ಬಿಟ್ಟು, ಜಪ ಮುಗಿಸಿ ಏಳುವ ಹೊತ್ತಿಗೆ ಪರದೆಯ ಮೇಲೆ ‘ಸ್ವಾಗತ’ ಎಂದು ಬರುತ್ತಿತ್ತು. ಅದಕ್ಕೇ ನಾನು ವಿಂಡೋಸ್ ಕಿತ್ತು, ಅದರ ಜಾಗಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ. ಈಗ ಬಾಬಾ ಆಚಮನ ಮುಗಿಸುವುದರೊಳಗೆ ಅದು ತಯಾರಾಗಿ ಕೂತಿರುತ್ತದೆ.

ಆದರೆ ಮೂರು ಸಂಗತಿ ಕೈತಪ್ಪಿದವು. ಕೀಬೋರ್ಡಿನ ಕೆಳಗೆ ಹತ್ತುವ ದೀಪ ಹತ್ತಲಿಲ್ಲ. ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದಾ ತಿರುಗತೊಡಗಿತು. ಪಕ್ಕದ ಮನೆಯವರು ಜೋಳದ ಡಬ್ಬಿ ಹಿಡಿದು ಬಂದರು ಎಂದರೆ ಸುಳ್ಳಾದೀತು, ಬರುವ ವಿಚಾರದಲ್ಲಿದ್ದರು ಎನ್ನಬಹುದು. ಮೂರನೆಯದು, ಬ್ಯಾಟರಿ ಇಷ್ಟೇ ತುಂಬಲಿ ಎಂದು ಮಿತಿ ಹಾಕುವ ಸೌಲಭ್ಯ. ಇವನ್ನೆಲ್ಲ ವಿಂಡೋಸಿನಲ್ಲಿ ಕಂಪನಿಯವರದೇ ಒಂದು ಪ್ರೋಗ್ರಾಂ ನೋಡಿಕೊಳ್ಳುತ್ತಿತ್ತು. ಲಿನಕ್ಸಿಗೂ ಈ ಭಾಗಗಳಿಗೂ ಮಾತುಕತೆಯೇ ಇರಲಿಲ್ಲ.

ಹುಡುಕಿದಾಗ ಸಿಕ್ಕಿದ್ದು ಒಂದು ಡ್ರೈವರ್. ಎಲ್ಲೋ ದೂರದೇಶದಲ್ಲಿ ಕೂತ ಒಬ್ಬ ಮನುಷ್ಯ ಬಿಡುವಿನಲ್ಲಿ ಬರೆದು, ಯಾರು ಬೇಕಾದರೂ ಓದಿ, ಒಯ್ದು, ತಿದ್ದಿಕೊಳ್ಳಿ ಎಂದು ಅಂಗಳದಲ್ಲಿ ಇಟ್ಟುಬಿಟ್ಟಿದ್ದಾನೆ. ಇದು ಸೇರುವುದು ಕರ್ನಲ್ಲಿನೊಳಗೆ. ಕರ್ನಲ್ ಅಂದರೆ ಲಿನಕ್ಸಿನ ಗರ್ಭಗುಡಿ. ಉಳಿದ ಪ್ರೋಗ್ರಾಮುಗಳೆಲ್ಲ ಹೊರಗೆ ನಿಂತು ಕೈಮುಗಿಯಬೇಕು, ಯಂತ್ರವನ್ನು ಮುಟ್ಟುವ ಹಕ್ಕು ಒಳಗಿದ್ದವರಿಗೆ ಮಾತ್ರ. ಡ್ರೈವರ್ ಎಂಬುದು ಒಳಗೆ ನಿಂತ ಅರ್ಚಕ. ನಮ್ಮ ಹೂವು ಹಣ್ಣು ಅವನ ಕೈಯಿಂದಲೇ ಒಳಗೆ ಹೋಗಬೇಕು.

ಈ ಅರ್ಚಕ ಮಾತ್ರ ನಮ್ಮ ಲ್ಯಾಪ್‌ಟಾಪನ್ನು ಕಂಡು ಮುಖ ತಿರುಗಿಸಿದ. ಅವನ ಹತ್ತಿರ ಮಾಡೆಲ್ಲುಗಳ ಪಟ್ಟಿಯೊಂದು ಇತ್ತು, ಅದರಲ್ಲಿ ನಮ್ಮ ಹೆಸರಿರಲಿಲ್ಲ. ನಮ್ಮದರ ಹಿಂದಿನ ಮಾಡೆಲ್ ಇತ್ತು, ಮುಂದಿನದು ಇತ್ತು. ನೋಡಲು ಮೂರೂ ಒಂದೇ. ನಮ್ಮದು ದ್ವೈತದ ಮನೆತನ. ಜೀವಕ್ಕೂ ಜಡಕ್ಕೂ ಭೇದವಿರುವ ಹಾಗೆ ಒಂದು ಜಡಕ್ಕೂ ಇನ್ನೊಂದು ಜಡಕ್ಕೂ ಭೇದವಿದೆ ಎಂದು ನನ್ನ ಮುಂಜಿಯಾದಾಗಿನಿಂದ ಕಾಕಾ ನನಗೆ ಪಾಠ ಹೇಳಿದ್ದಾರೆ. ಆಗ ಆಕಳಿಸಿದ್ದೆ. ಡ್ರೈವರಿಗೂ ಅದೇ ಸಿದ್ಧಾಂತ ಎಂದು ಆಗ ಯಾರಿಗೆ ಗೊತ್ತಿತ್ತು.

ಪಟ್ಟಿಯಲ್ಲಿ ನಮ್ಮ ಹೆಸರನ್ನು ನಾನೇ ಸೇರಿಸಿದೆ. ಇದೇ ಆ ಸುಪ್ರಸಿದ್ಧ ಸಾಲು. ಕಂಪೈಲ್ ಮಾಡಿ, ಅಂದರೆ ಯಂತ್ರಕ್ಕೆ ತಿಳಿಯುವ ಭಾಷೆಗೆ ಇಳಿಸಿ, ಒಳಗೆ ಬಿಟ್ಟೆ. ದೀಪ ಹತ್ತಿತು. ಫ್ಯಾನು ಗಿರಣಿಯಿಂದ ಬೀಸಣಿಗೆಗೆ ಇಳಿಯಿತು. ಇನ್ನು ಬೇಕಾದ್ದೆಲ್ಲ ಫೈಲುಗಳಲ್ಲಿ ಅಂಕಿ ಬರೆಯುವ ಕೆಲಸ, ಯಾಕೆಂದರೆ ಲಿನಕ್ಸಿನಲ್ಲಿ ದೀಪವೂ ಫೈಲು, ಫ್ಯಾನೂ ಫೈಲು, ಬ್ಯಾಟರಿಯೂ ಫೈಲು. ಸರ್ವವೂ ಒಂದೇ ಎನ್ನುವ ಈ ಅದ್ವೈತದ ಮಾತನ್ನು ಕಾಕಾರಿಂದ ಇವತ್ತಿನವರೆಗೂ ಮುಚ್ಚಿಟ್ಟಿದ್ದೇನೆ.

ನನ್ನ ಸಾಲನ್ನು ಡ್ರೈವರ್ ಬರೆದವನಿಗೆ ಕಳಿಸಿದೆ. ಈ ಮಂದಿಯಲ್ಲಿ ಒಂದು ಪದ್ಧತಿಯಿದೆ. ಪ್ರತಿಯೊಂದು ಬದಲಾವಣೆಯ ಕೆಳಗೂ ಬರೆದವರು ಯಾರು, ಪರೀಕ್ಷಿಸಿದವರು ಯಾರು, ತಪ್ಪು ತೋರಿಸಿಕೊಟ್ಟವರು ಯಾರು ಎಂದು ಹೆಸರು ಹಾಕುತ್ತಾರೆ. ಸಂಕಲ್ಪದಲ್ಲಿ ಹೆಸರು, ಗೋತ್ರ ಹೇಳುವ ಹಾಗೆ. ಒಮ್ಮೆ ಬಿದ್ದ ಹೆಸರು ಅಲ್ಲೇ ಇರುತ್ತದೆ. ಆತ ಒಂದೇ ಪ್ರಶ್ನೆ ಕೇಳಿದ: ದೀಪ, ಫ್ಯಾನು, ಚಾರ್ಜಿನ ಮಿತಿ, ಮೂರನ್ನೂ ಪರೀಕ್ಷಿಸಿದ್ದೀಯಾ?

ದೀಪವನ್ನು ಹನ್ನೊಂದು ಸಲ ಪರೀಕ್ಷಿಸಿದ್ದೆ, ಅದರಲ್ಲಿ ಒಂಬತ್ತು ಸಲ ಬೇರೆಯವರಿಗೆ ತೋರಿಸಲಿಕ್ಕೆ. ಫ್ಯಾನಿನ ಪರೀಕ್ಷೆಯನ್ನು ಓಣಿಯ ಕಿವಿಗಳೇ ಮಾಡಿದ್ದವು. ಚಾರ್ಜಿನ ಮಿತಿಯ ಫೈಲಿನಲ್ಲಿ ಎಂಬತ್ತು ಎಂದು ಬರೆದೆ, ತೆರೆದು ಓದಿದೆ, ಎಂಬತ್ತು ಎಂದೇ ಇತ್ತು. ಪೇಪರ್ ನಾನೇ ಬರೆದು ನಾನೇ ತಿದ್ದಿ ಪಾಸು ಮಾಡಿಕೊಂಡ ಹಾಗೆ. ನಿಜಕ್ಕೂ ಎಂಬತ್ತಕ್ಕೆ ನಿಲ್ಲುತ್ತದೆಯೇ ಎಂದು ನೋಡಲು ಚಾರ್ಜರ್ ಹಚ್ಚಿ ಗಂಟೆಗಟ್ಟಲೆ ಕೂರಬೇಕು. ಜೇವರ್ಗಿ ಕಾಲೋನಿಯ ಟ್ಯೂಷನ್ನಿಗೆ ಹೊತ್ತಾಗಿತ್ತು. ‘ಮೂರನ್ನೂ ಪರೀಕ್ಷಿಸಿದ್ದೇನೆ’ ಎಂದು ಬರೆದು ಸೈಕಲ್ ಹತ್ತಿದೆ.

ಮುಂದಿನ ಆವೃತ್ತಿಯಲ್ಲಿ ಸೇರಿಸುತ್ತೇನೆ, ಬರೆದವನೆಂದೂ ಪರೀಕ್ಷಿಸಿದವನೆಂದೂ ನಿನ್ನ ಹೆಸರು ಎರಡು ಸಲ ಇರುತ್ತದೆ ಎಂದು ಉತ್ತರ ಬಂತು. ಟ್ಯೂಷನ್ನಿನಲ್ಲಿ ಇದನ್ನು ಕೇಳದೆ ಉಳಿದವರು ಗೋಡೆಯ ಮೇಲಿನ ಹಲ್ಲಿ ಮಾತ್ರ. ಅದೂ ಒಮ್ಮೆ ಲೊಚಗುಟ್ಟಿತು.

ಆ ಭಾನುವಾರ ಕಮಲಾಪುರದಲ್ಲಿ ಕಾಕಾರ ಮನೆಯಲ್ಲಿ ಪೂಜೆ. ಕಾಕಾ, ಕಾಕು ಇಬ್ಬರೂ ಅಲ್ಲಿ ಶಾಲೆಯ ಮಾಸ್ತರರು. ನಮ್ಮ ಲ್ಯಾಪ್‌ಟಾಪಿನ ಅವಳಿಯಲ್ಲಿ ಕಾಕು ಪ್ರಶ್ನೆಪತ್ರಿಕೆ ತಯಾರಿಸುತ್ತಾರೆ. ಕರೆಂಟು ಹೇಳದೆ ಕೇಳದೆ ಹೋಗುವುದರಿಂದ ಸದಾ ಚಾರ್ಜಿಗೆ ಹಚ್ಚಿಯೇ ಇಡುತ್ತಿದ್ದರು. ಹೋದ ಬೇಸಿಗೆಯಲ್ಲಿ ಅದರ ಬ್ಯಾಟರಿ ಪೂರಿಯ ಹಾಗೆ ಉಬ್ಬಿ ಕೀಬೋರ್ಡನ್ನೇ ಎತ್ತಿತ್ತು. ಮೋಮಿನಪುರದ ರಿಪೇರಿ ಚಾಚಾ ಹೊಸದು ಹಾಕಿ, ಹಮೇಶಾ ಹೊಟ್ಟಿತುಂಬ ತಿನ್ನಸಬ್ಯಾಡ್ರಿ, ಎಂಬತ್ತಕ್ಕ ಬಸ್ ಮಾಡ್ರಿ ಎಂದು ಹೇಳಿ ಕಳಿಸಿದ್ದರು. ಆ ಎಂಬತ್ತನ್ನು ನಾನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿದ್ದೆ.

ಬೆಳಿಗ್ಗೆಯೇ ಕಾಕುವಿನ ಲ್ಯಾಪ್‌ಟಾಪಿಗೂ ಲಿನಕ್ಸ್ ಹಾಕಿ ಡ್ರೈವರ್ ಕೂರಿಸಿ, ಮಿತಿಯ ಫೈಲಿನಲ್ಲಿ ಎಂಬತ್ತು ಎಂದು ಬರೆದೆ. ಅಷ್ಟಕ್ಕೆ ಸುಮ್ಮನಿದ್ದರೆ ಈ ಬರಹ ಇಲ್ಲಿಗೆ ಮುಗಿಯುತ್ತಿತ್ತು. ಅಡಿಗೆ ಆಗುವವರೆಗೆ ಪಡಸಾಲೆಯಲ್ಲಿ ಕೂತವರಿಗೆಲ್ಲ ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತೇನೆ ಎಂದೆ. ಚಾರ್ಜರ್ ಹಚ್ಚಿದೆ. ದ್ವಾದಶಿ ಪಾರಣೆಗೆ ಗಡಿಯಾರ ನೋಡುವ ಹಾಗೆ ಎಲ್ಲರೂ ಪರದೆ ನೋಡುತ್ತ ಕೂತರು. ಅಂಕಿ ಓದಿ ಹೇಳುವ ಕೆಲಸವನ್ನು ಕಾಕಾರ ಮಗಳು ವೈದೇಹಿ ಅಕ್ಕ ತಾನೇ ವಹಿಸಿಕೊಂಡಳು. ಅವಳು ಡಿಗ್ರಿ ಓದುತ್ತಾಳೆ, ನನ್ನನ್ನು ಓದುವುದರಲ್ಲಿ ಆಗಲೇ ಡಿಗ್ರಿ ಪಡೆದಿದ್ದಾಳೆ.

“ಎಂಬತ್ತಕ್ಕ ನಿಲ್ತದ ನೋಡ್ರಿ, ಕಾಕಾ,” ಎಂದು ಕೈಕಟ್ಟಿ ನಿಂತೆ.

“ಎಪ್ಪತ್ತೊಂಬತ್ತು,” ಎಂದಳು ಅಕ್ಕ. ಸ್ವಲ್ಪ ಹೊತ್ತು ಬಿಟ್ಟು, “ಎಂಬತ್ತು.” ನಾನು ಎಲ್ಲರ ಮುಖ ಒಂದು ಸುತ್ತು ನೋಡಿದೆ. ಆ ಸುತ್ತು ಮುಗಿಯುವುದರೊಳಗೆ ಅವಳು ಮತ್ತೆ ಬಾಯಿ ತೆರೆದಳು. “ಎಂಬತ್ತೊಂದು. ನಿಧ್ಯಾ, ನಿನ್ನ ಬ್ಯಾಟರಿಗೆ ಏಕಾದಶಿ ಒಗ್ಗವಲ್ತು ನೋಡೋ.”

ಓಡುವ ಬಸ್ಸು ಬ್ರೇಕ್ ಹಾಕಿದ ಮೇಲೂ ನಾಲ್ಕು ಮಾರು ಮುಂದೆ ಹೋಗುತ್ತದೆ ಎಂದು ವಿವರಿಸಿದೆ. ಎಂಬತ್ತೈದಾಯಿತು. ಸಾಕೆಟ್ಟಿನಲ್ಲಿ ದೋಷವಿದೆ ಎಂದೆ. ತೊಂಬತ್ತಾಯಿತು. ಕಲಬುರಗಿಯಲ್ಲಿ ಸರಿಯಿತ್ತು, ಇಲ್ಲಿನ ಹವಾ ಬೇರೆ ಎಂದೂ ಅಂದುಬಿಟ್ಟೆ.

ಕಾಕಾ ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು. “ಕಮಲಾಪುರದ ಹವಾಕ್ಕ ಬಾಳೀಹಣ್ಣು ಕೆಂಪಗಾಗ್ತಾವೋ ತಮ್ಮಾ. ಲೆಕ್ಕಾ ತಪ್ಪಂಗಿಲ್ಲ.”

ಲ್ಯಾಪ್‌ಟಾಪ್ ನೂರಕ್ಕೆ ನೂರು ತೆಗೆದುಕೊಂಡಿತು. ಪಡಸಾಲೆಯಲ್ಲಿ ಫೇಲಾದವನು ನಾನೊಬ್ಬನೇ. ಬಾಳೆಎಲೆ ಒರೆಸಿಕೊಡುವ ನೆವದಲ್ಲಿ ಅಡಿಗೆಮನೆಯ ಬಾಗಿಲಿಗೆ ಹೋಗಿ ಕೂತೆ. ಕಾಕು ಮಡಿಯಲ್ಲಿ ಹುಳಿ ಕುದಿಸುತ್ತಿದ್ದರು. ನಿಮ್ಮ ಮನೆಯದಾದರೂ ಎಂಬತ್ತಕ್ಕೆ ನಿಂತಿತ್ತೇನು ಎಂದು ಕೇಳಿದರು. ನಾನು ನೋಡಿಲ್ಲ ಎಂದೆ. ಮತ್ತೆ ಆ ಡ್ರೈವರ್ ಬರೆದವನಿಗೆ ನೋಡಿದ್ದೇನೆ ಎಂದು ಬರೆದೆಯಂತಲ್ಲ, ಪಡಸಾಲೆಯಲ್ಲಿ ಈಗಷ್ಟೇ ಹೇಳುತ್ತಿದ್ದೆ ಎಂದರು.

ಇಲ್ಲಿ ನನ್ನ ಬುದ್ಧಿ ಬಹಳ ಚುರುಕಾಗಿ ಓಡಿತು. ನಮ್ಮ ಮನೆಗಳಲ್ಲಿ ದೇವರ ಅಡಿಗೆಯನ್ನು ಮಾಡುವವರು ರುಚಿ ನೋಡುವುದಿಲ್ಲ. ನೈವೇದ್ಯಕ್ಕೆ ಮೊದಲು ನಾಲಿಗೆಗೆ ತಾಗಿದರೆ ಅದು ಎಂಜಲು. ಉಪ್ಪು, ಹುಳಿ, ಖಾರ ಎಲ್ಲ ಕೈಯಂದಾಜು. ಕಾಕು ಮೂವತ್ತು ವರ್ಷದಿಂದ ಹೀಗೆ ಊರಿಗೆಲ್ಲ ಬಡಿಸಿದ್ದಾರೆ, ಒಬ್ಬರೂ ಎಲೆ ಬಿಟ್ಟು ಎದ್ದಿಲ್ಲ.

“ನೀವೂ ರುಚಿ ನೋಡಂಗಿಲ್ಲಲ್ಲ, ಕಾಕು,” ಎಂದೆ. “ನೋಡದನ ದೇವರ ಮುಂದ ಇಡ್ತೀರಿ. ನಂದೂ ಹಂಗ.”

ವಾದ ನನಗೇ ಬಹಳ ಹಿಡಿಸಿತು. ಅಕ್ಕ ಇಲ್ಲಿ ಇರಬೇಕಿತ್ತು ಎಂದುಕೊಂಡೆ. ಕಾಕು ಸೌಟಿನಿಂದ ಹುಳಿಯನ್ನು ಎರಡು ಸುತ್ತು ತಿರುವಿದರು.

“ನಾ ರುಚಿ ನೋಡಂಗಿಲ್ಲ, ಖರೆ,” ಎಂದರು. “ನೋಡೀನಿ ಅಂತ ಯಾರಿಗೂ ಹೇಳಂಗೂ ಇಲ್ಲ.”

ಅಷ್ಟೇ. ಎಲೆ ಹಾಕು ಹೋಗು ಎಂದರು. ನೈವೇದ್ಯವಾಗಿ ಮಂದಿ ಊಟಕ್ಕೆ ಕೂತಾಗ ಹುಳಿಯ ಪಾತ್ರೆ ಹಿಡಿದು ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಈ ಹುಡುಗನ ಕೂಡ ಮಾತಾಡಿಕೋತ ಹುಳಿಗೆ ಉಪ್ಪು ಹಾಕೀನೋ ಇಲ್ಲೋ ನೆನಪಿಲ್ರಿ. ಎಲಿ ತುದಿಗೆ ಅದ, ನೋಡಿ ಕಲಸಿಕೊಳ್ರಿ.” ಎಲ್ಲರೂ ತುದಿಯಿಂದ ಒಂದಿಷ್ಟು ಎಳೆದುಕೊಂಡು ಉಂಡರು. ಉಪ್ಪು ನಿಜವಾಗಿಯೂ ಬಿದ್ದಿರಲಿಲ್ಲ. ಹುಳಿ ಚೆನ್ನಾಗಿತ್ತು.

ಮರುದಿನ ಮನೆಯಲ್ಲಿ ನಮ್ಮ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಚ್ಚಿ ಎದುರಿಗೆ ಕೂತೆ. ಅಷ್ಟು ಹೊತ್ತು ನಾನು ಒಂದೇ ಕಡೆ ಕೂತದ್ದನ್ನು ಕಂಡು ಆಯಿ ಹಣೆ ಮುಟ್ಟಿ ನೋಡಿದಳು. ಎಂಬತ್ತು. ಎಂಬತ್ತೊಂದು. ಸಾಕೆಟ್ಟಿನದೂ ಹವೆಯದೂ ಏನೂ ತಪ್ಪಿರಲಿಲ್ಲ. ದೀಪ, ಫ್ಯಾನಿನ ಮಾತು ನಮ್ಮ ಮಾಡೆಲ್ಲಿಗೆ ತಿಳಿಯುತ್ತಿತ್ತು. ಮಿತಿಯ ಮಾತನ್ನು ಅದು ‘ಆಯ್ತು’ ಎಂದು ಬರೆದುಕೊಂಡು ತನ್ನ ಪಾಡಿಗೆ ತಾನು ತುಂಬಿಕೊಳ್ಳುತ್ತಿತ್ತು. ಈ ಸ್ವಭಾವ ನನಗೆ ಪರಿಚಯದ್ದೇ.

ಹೊಸ ಆವೃತ್ತಿ ಹೊರಬೀಳಲು ಎರಡು ದಿನವಿತ್ತು. ಸುಮ್ಮನಿದ್ದರೆ ನನ್ನ ಹೆಸರು ಎರಡು ಸಲ. ಬಾಯಿ ಬಿಟ್ಟರೆ ಒಂದು ಸಲವಾದರೂ ಉಳಿಯುವ ಖಾತ್ರಿಯಿಲ್ಲ, ಟ್ಯೂಷನ್ನಿನಲ್ಲಿ ಹಲ್ಲಿಗೂ ಮುಖ ತೋರಿಸುವ ಹಾಗಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅರ್ಧ ದಿನ ಸಮಾಧಾನ ಮಾಡಿಕೊಂಡೆ. ಆದರೆ ಇದೇ ಮಾಡೆಲ್ ಇಟ್ಟುಕೊಂಡ ಯಾವಳೋ ಕಾಕು ಯಾವುದೋ ಊರಿನಲ್ಲಿ, ನಾನು ನೋಡಿದ್ದೇನೆ ಎಂದದ್ದನ್ನು ನಂಬಿ, ಚಾರ್ಜರ್ ಹಚ್ಚಿಟ್ಟು ಶಾಲೆಗೆ ಹೋಗುತ್ತಾಳೆ. ಬಂದು ನೋಡಿದರೆ ಪೂರಿ.

ಮೊದಲ ಪತ್ರಕ್ಕೆ ನಿಘಂಟು ತೆರೆದು ಇಂಗ್ಲಿಷಿನ ಒಡವೆಗಳನ್ನೆಲ್ಲ ಹೇರಿದ್ದೆ. ಇದು ಮೂರೇ ವಾಕ್ಯ. ಚಾರ್ಜಿನ ಮಿತಿಯನ್ನು ನಾನು ಪರೀಕ್ಷಿಸಿರಲಿಲ್ಲ. ಈಗ ಎರಡು ಯಂತ್ರಗಳಲ್ಲಿ ಪರೀಕ್ಷಿಸಿದ್ದೇನೆ. ಅದು ನಿಲ್ಲುವುದಿಲ್ಲ.

ಬೈಗುಳ ಬರುತ್ತದೆ ಎಂದು ಕಾದೆ. ಬಂದದ್ದು ಮೂರು ಕಮಾಂಡುಗಳು, ಇವನ್ನು ಓಡಿಸಿ ಏನು ಬಂತೆಂದು ಕಳಿಸು ಎಂದು. ಕಳಿಸಿದೆ. ದೀಪ, ಫ್ಯಾನು ಇರಲಿ, ಸರಿಯಾದ ದಾರಿ ಸಿಗುವವರೆಗೆ ಈ ಮಾಡೆಲ್ಲಿಗೆ ಮಿತಿಯ ಸೌಲಭ್ಯವನ್ನು ಮುಚ್ಚಿಡೋಣ, ಹಾಗೆಂದು ನಿನ್ನ ಸಾಲಿನ ಪಕ್ಕ ನೀನೇ ಒಂದು ಟಿಪ್ಪಣಿ ಬರೆದು ಕಳಿಸು ಎಂದ. ಪರೀಕ್ಷಿಸಿದವರ ಜಾಗದಿಂದ ನನ್ನ ಹೆಸರು ಹೋಯಿತು. ತಪ್ಪು ತೋರಿಸಿಕೊಟ್ಟವರ ಜಾಗದಲ್ಲಿ ಬಂತು. ಲೆಕ್ಕಕ್ಕೆ ಈಗಲೂ ಎರಡು ಸಲವೇ. ಟ್ಯೂಷನ್ನಿನಲ್ಲಿ ಎರಡನೆಯದನ್ನೇ ಹೆಚ್ಚು ತೋರಿಸುತ್ತೇನೆ. ಯಾರ ತಪ್ಪು ಎಂದು ಯಾರೂ ಕೇಳಿಲ್ಲ, ಕೇಳಿದರೆ ಹೇಳುವವನಿದ್ದೇನೆ.

ಕಮಲಾಪುರದಲ್ಲಿ ಈಗ ಎಂಬತ್ತಾದ ಕೂಡಲೇ ಕಾಕುವೇ ಎದ್ದು ಚಾರ್ಜರ್ ಕೀಳುತ್ತಾರೆ. ಒಲೆಯ ಮೇಲಿನ ಹಾಲಿನ ಮೇಲೆ ಕಣ್ಣಿಟ್ಟವರಿಗೆ ಇದೇನು ದೊಡ್ಡದಲ್ಲ. ಅಕ್ಕ ಮಾತ್ರ ನಾನು ಹೋದಾಗಲೆಲ್ಲ, “ಎಂಬತ್ತೊಂದು ಬಂದ,” ಎಂದು ಬಾಗಿಲಲ್ಲೇ ಸ್ವಾಗತಿಸುತ್ತಾಳೆ.

ಎಲೆಯ ತುದಿಗೆ ಉಪ್ಪು ಯಾಕೆ ಬಡಿಸುತ್ತಾರೆ ಎಂದು ಸಣ್ಣವನಿದ್ದಾಗ ಕೇಳಿದ್ದೆ, ಶಾಸ್ತ್ರ ಎಂದಿದ್ದರು. ರುಚಿ ನೋಡದೆ ಅಡಿಗೆ ಮಾಡಬೇಕು ಎಂದು ನಿಯಮ ಹಾಕಿದ ಹಿರಿಯರು, ತಪ್ಪಬಹುದು ಎಂದು ಎಲೆಯ ಮೇಲೆಯೇ ಒಪ್ಪಿಕೊಂಡೂ ಇದ್ದರು ಎಂದು ಈಗ ನನ್ನ ಅಂದಾಜು. ನನ್ನ ಆ ಟಿಪ್ಪಣಿಯೂ ಹಾಗೇ, ಸಾಲಿನ ತುದಿಗೆ, ಅಲ್ಪವಿರಾಮದ ಆಚೆ ಕೂತಿದೆ: ‘ಈ ಮಾಡೆಲ್ಲಿನಲ್ಲಿ ಚಾರ್ಜಿನ ಮಿತಿ ನಿಲ್ಲುವುದಿಲ್ಲ.’ ನೋಡಿ ಕಲಸಿಕೊಳ್ಳಿ.