ಏಳನೇ ಬಾಗಿಲಿಗೆ ಒಂದು ಹಿಡಿ ಬೀಜ

ಒಣಗಿದ ಕಡಲೆಕಾಯಿಯ ಮೇಲೆ ನೀರು ಚಿಮುಕಿಸಿದರೆ ಒಂದು ವಾಸನೆ ಏಳುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ, ಅದರ ಹತ್ತಿರದ ನೆಂಟ. ಅದರಲ್ಲಿ ಸ್ವಲ್ಪ ಗೋಣಿಚೀಲ, ಸ್ವಲ್ಪ ಹಳೆಯ ಅಟ್ಟ, ಒಳಗೆಲ್ಲೋ ಒಂದಿಷ್ಟು ಎಣ್ಣೆ. ಮೊನ್ನೆ ಸಂತೆಯಲ್ಲಿ ಮುದುಕಿಯೊಬ್ಬಳು ತನ್ನ ಕಾಯಿಗುಡ್ಡೆಯ ಮೇಲೆ, ತೂಕ ಬರಲೆಂದೋ ಏನೋ, ಚೆಂಬಿನಿಂದ ನೀರು ಎರಚಿದಳು. ಕೊಳ್ಳಲು ಹೋದ ನಾನು ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಹಿಂದಿನವರು ಗೊಣಗಿದರು. ಅವರಿಗೇನು ಗೊತ್ತು, ಆ ಹೊತ್ತಿನಲ್ಲಿ ನಾನು ಏಳು ಸುತ್ತಿನ ಕೋಟೆಯ ಏಳನೇ ಬಾಗಿಲನ್ನು ಕಾಯುತ್ತಿದ್ದೆ! ನಿಮಗೂ ಇಂಥ ಒಂದು ವಾಸನೆ ಇದ್ದೇ ಇರುತ್ತದೆ. ಅದು ಬಂದಾಗ ಸಂತೆ, ಬಸ್ಸು, ವಯಸ್ಸು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮದು ಸಿರಾ ತಾಲ್ಲೂಕಿನಲ್ಲಿ ಹುಲಿಕುಂಟೆಯ ಕಡೆಯ ಒಂದು ಕುರಿಗಾರರ ಹಟ್ಟಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಣ್ಣಿನ ಮಾಳಿಗೆ ಮನೆ, ಹಿಂದೆ ಕುರಿ ಕೂಡುವ ರೊಪ್ಪ, ಮುಂದೆ ಹೊಂಗೆಮರ. ಮುಂಗಾರಿಗೆ ಮೊದಲು ಹದಿನೈದು ದಿನ ಮಧ್ಯಾಹ್ನವೆಲ್ಲ ಆ ಮರದ ಕೆಳಗೆ ಬೀಜದ ಕಾಯಿ ಸುಲಿಯುವ ಕೆಲಸ. ಮನೆಯ ಮಕ್ಕಳು, ಹಟ್ಟಿಯ ಮಕ್ಕಳು ಎಲ್ಲರೂ, ಸಿಪ್ಪೆ ಮೆತ್ತಗಾಗಲೆಂದು ನೀರು ಚಿಮುಕಿಸಿದ ಕಾಯಿಗುಡ್ಡೆಯ ಸುತ್ತ ಕೂರಬೇಕು. ಹೆಬ್ಬೆರಳಿನಿಂದ ಒತ್ತಿ ಸಿಪ್ಪೆ ಒಡೆದು, ಬೀಜದ ಕೆಂಪು ಪೊರೆ ಕೀಳದ ಹಾಗೆ ಮಂಕರಿಗೆ ಹಾಕಬೇಕು. ಒಂದು ಬೀಜವೂ ಬಾಯಿಗೆ ಹೋಗಕೂಡದು. ಇದು ನಮ್ಮ ಅಜ್ಜಿಯ ಕಾನೂನು. ಎದ್ದು ಹೋಗುವವರೆಲ್ಲ ಅವಳ ಮುಂದೆ ಬಾಯಿ ತೆರೆದು ನಾಲಿಗೆ ಚಾಚಬೇಕಿತ್ತು. ಹಸಿ ಬೀಜ ಅಗಿದವರ ಹಲ್ಲಿನ ಸಂದಿಯಲ್ಲಿ ಬೆಳ್ಳಗೆ ಹಾಲು ಉಳಿದಿರುತ್ತದೆ, ಅದು ಅವಳಿಗೆ ಮಾರು ದೂರದಿಂದಲೇ ಕಾಣುತ್ತಿತ್ತು. “ಒಂದು ಹಿಡಿ ಅಂದ್ರೆ ಒಂದು ಸಾಲು ಕಣ್ಲಾ. ನೀವು ತಿನ್ನೋದು ಬೀಜ ಅಲ್ಲ, ಹೊಲ” ಎನ್ನುತ್ತಿದ್ದಳು. ಮಕ್ಕಳ ಬಾಯಿ ಕಟ್ಟಲು ಅವಳು ಹುಡುಕಿಕೊಂಡ ಉಪಾಯವೇ ತಾತನ ಕತೆ. ಕತೆ ಕೇಳುವ ಬಾಯಿ ತೆರೆದಿರುತ್ತದೆ, ಅಗಿಯುವುದಿಲ್ಲ ಎಂದು ಅವಳ ಲೆಕ್ಕ. ಕಳ್ಳನನ್ನೇ ಕಾವಲಿಗೆ ಕೂರಿಸುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ ಎಂದು ನಾವು ತಿಳಿದಿದ್ದೆವು.

ತಾತ ಕುರಿ ಹೊಡೆದುಕೊಂಡು ಮಧುಗಿರಿ, ಕೊರಟಗೆರೆ, ಪಾವಗಡದ ಆಚೆಯ ಆಂಧ್ರದ ಸೀಮೆಯವರೆಗೂ ತಿರುಗಿದವನು. ಅಲ್ಲಿನ ಕೋಟೆಗಳನ್ನೆಲ್ಲ ಒಟ್ಟುಹಾಕಿ ತನ್ನದೇ ಒಂದು ಕೋಟೆ ಕಟ್ಟಿಕೊಂಡಿದ್ದ. ಏಳು ಸುತ್ತು, ಏಳು ಬಾಗಿಲು. ಆ ಕೋಟೆಯ ಜನರನ್ನು ಕಾಯಲು ಒಬ್ಬ ಮಾಯಗಾರ, ಹೆಸರು ಜೇನುಗಂಟಲಯ್ಯ. ಅವನಿಗೆ ಕತ್ತಿ ಇಲ್ಲ, ಮಂತ್ರದಂಡ ಇಲ್ಲ, ಇದ್ದದ್ದೆಲ್ಲ ಗಂಟಲು. ಅವನು ಮಾತಾಡಿದರೆ ಜಗಳವಾಡುವವರು ತಬ್ಬಿಕೊಳ್ಳುತ್ತಿದ್ದರು, ಹಟ ಹಿಡಿದ ಎಮ್ಮೆ ಹಾಲು ಬಿಡುತ್ತಿತ್ತು, ತೋಳಗಳು ಕುರಿಮಂದೆಗೆ ದಾರಿ ಬಿಡುತ್ತಿದ್ದವು. ಹೀಗಿದ್ದವನು ಒಂದು ದಿನ ಒಬ್ಬ ಬಡವನ ಹೋರಿಯನ್ನು ಕಂಡು ಆಸೆಪಟ್ಟ. ಬಾಯಿಮಾತಲ್ಲೇ ಕೇಳಿದ. ಬಡವ ನಗುನಗುತ್ತಾ ಹಗ್ಗ ಕೊಟ್ಟು, ಮನೆಗೆ ಹೋಗಿ ಅತ್ತ. “ಅಲ್ಲಿಗೆ ಕೆಟ್ಟ ನೋಡು” ಎಂದು ತಾತ ಇಲ್ಲಿ ನಿಲ್ಲಿಸಿ ಒಂದು ಉಸಿರು ಬಿಡುತ್ತಿದ್ದ. ಹೋರಿಯಾದ ಮೇಲೆ ಹೊಲ, ಹೊಲವಾದ ಮೇಲೆ ರಾಜ್ಯ. ಜನ ಅವನನ್ನು ಆಚೆಗೆ ಅಟ್ಟಿದರು. ಅವನು ಹೋಗಿ ಕರಿಬೆಟ್ಟದ ದೊರೆಯನ್ನು ಸೇರಿ, ದೊರೆಯ ದಂಡನ್ನು ಕಲ್ಲುಬಂಡೆಗಳ ಹಿಂದೆ ಬಚ್ಚಿಟ್ಟು, ಒಬ್ಬನೇ ಬಂದು ಮೊದಲನೇ ಬಾಗಿಲು ತಟ್ಟಿದ.

ಇಲ್ಲಿಂದ ತಾತ ಕರಿ ಕಂಬಳಿಯನ್ನು ಕೊಪ್ಪೆ ಹಾಕಿಕೊಳ್ಳುತ್ತಿದ್ದ. ಕಂಬಳಿ ತಲೆಯ ಮೇಲಿದ್ದರೆ ಅವನು ಜೇನುಗಂಟಲಯ್ಯ, ತೆಗೆದರೆ ನಮ್ಮ ತಾತ, ಇದು ನಮ್ಮ ನಡುವಿನ ಒಪ್ಪಂದ. ಒಂದೊಂದು ಬಾಗಿಲಲ್ಲಿ ಒಂದೊಂದು ಮಾತು. ಸಿರಾ ಕಡೆಯ ಸಿಪಾಯಿ ಇದ್ದ ಬಾಗಿಲಲ್ಲಿ “ಭಾಯಿ, ದರ್ವಾಜಾ ಖೋಲೋ” ಎಂದು ನಗೆ. ಪಾವಗಡದ ಕಡೆಯ ಮುದುಕಿ ಇದ್ದ ಬಾಗಿಲಲ್ಲಿ “ಅಮ್ಮಾ, ತಲ್ಲೀ, ತಲುಪು ತಿಯ್ಯಮ್ಮಾ”, ಕದ ತೆಗೆಯೇ ತಾಯಿ ಎಂದು ಅಳು. ಆ ತೆಲುಗಿಗೆ ನಮ್ಮ ಮೈ ಜುಮ್ಮೆನ್ನುತ್ತಿತ್ತು. ಆರು ಬಾಗಿಲು ಹೀಗೆ ತಾನೇ ತೆರೆದುಕೊಳ್ಳುತ್ತಿದ್ದವು. ಏಳನೆಯದಕ್ಕೆ ಮಾತ್ರ ವರ್ಷಕ್ಕೆ ಒಬ್ಬರಂತೆ ನಮ್ಮಲ್ಲೇ ಕಾವಲುಗಾರರು. ಬೀಜದ ಮಂಕರಿ ಮಡಿಲಲ್ಲಿ ಇಟ್ಟುಕೊಂಡು ಕೂರಬೇಕು. ಮಾಯಗಾರನ ಮಾತಿಗೆ ಸೋತು ಒಂದು ಹಿಡಿ ಬೀಜ ಕೊಟ್ಟರೆ ಬಾಗಿಲು ತೆರೆದಂತೆ. ದಂಡು ನುಗ್ಗುತ್ತದೆ, ಕೋಟೆ ಬೀಳುತ್ತದೆ, ಆ ವರ್ಷದ ಕತೆ ಮುಗಿಯುತ್ತದೆ, ಗೆದ್ದ ಬೀಜ ಬೆಲ್ಲದ ಜೊತೆ ತಾತನ ಹೊಟ್ಟೆಗೆ. ನನ್ನ ದೊಡ್ಡಪ್ಪನ ಮಗ ಈರಣ್ಣ ತನ್ನ ವರ್ಷ ಮೂರೇ ಮಾತಿಗೆ ಬಿದ್ದಿದ್ದ. ಯಾರೂ ಎಂದೂ ನಿಂತವರಿರಲಿಲ್ಲ.

ನನ್ನ ಪಾಳಿ ಬಂದಾಗ ನಾನು ಮೂರನೇ ಕ್ಲಾಸು. ಹಲ್ಲು ಕಚ್ಚಿ ಕೂತೆ. ತಾತ ಬಾಗಿಲು ತೆಗಿ ಎನ್ನಲೇ ಇಲ್ಲ. “ತೆಗೀಬ್ಯಾಡ ಕಣವ್ವ ಲಚ್ಮಿ. ನಂಗೆ ಬೇಕಾಗೇ ಇಲ್ಲ. ನಿನ್ನ ನೋಡಿ ಕಣ್ಣಲ್ಲಿ ನೀರು ಬಂತು, ಅಷ್ಟೇಯ. ಒಳಗಿರೋರೆಲ್ಲ ನೆಳ್ಳಲ್ಲಿ ಕುಂತವ್ರೆ. ಕೂಸು ನಿನ್ನ ಒಬ್ಬಳ್ನೇ ಕದದ ತಾವ ಕುಂಡ್ರುಸವ್ರೆ. ಯಾಕೆ ಅಂತ ಒಂದ್ಸಲನಾರ ಕೇಳಿದ್ಯಾ?” ಎಂದ. ನಾನು ತಿರುಗಿ ನೋಡಿದೆ. ನಿಜವಾಗಿಯೂ ಎಲ್ಲರೂ ನೆರಳಲ್ಲಿದ್ದರು, ನನ್ನ ಮೇಲೆ ಮಾತ್ರ ಬಿಸಿಲು! ಆದರೂ ಮಂಕರಿಯನ್ನು ಬಿಗಿಯಾಗಿ ತಬ್ಬಿಕೊಂಡೆ. ಅರ್ಧ ಗಂಟೆ ಹೊಗಳಿದ, ಅತ್ತ, ಬೈದ. ನಾನು ಜಗ್ಗಲಿಲ್ಲ. ಕೊನೆಗೆ ಕಂಬಳಿ ತೆಗೆದು ಪಕ್ಕಕ್ಕೆ ಹಾಕಿ, ಬೆವರು ಒರೆಸಿಕೊಂಡು, ಬರೀ ತಾತನಾಗಿ ಹೇಳಿದ: “ಕತೆ ಸಾಕು ಬುಡವ್ವ, ಗೆದ್ದೆ ನೀನು. ಗಂಟ್ಲು ಒಣಗೈತೆ. ಒಂದಿಷ್ಟು ಬೀಜ ಕೊಡು, ಬಾಯಾಡುಸ್ಬೇಕು.” ಗೆದ್ದ ಖುಷಿಯಲ್ಲಿ ನಾನು ದೊಡ್ಡ ಹಿಡಿಯನ್ನೇ ಕೊಟ್ಟೆ. ತಾತ ಬೀಜವನ್ನು ಮುಷ್ಟಿಯಲ್ಲಿ ಹಿಡಿದು, ಮತ್ತೆ ನಿಧಾನವಾಗಿ ಕಂಬಳಿ ಹೊದ್ದು, ಜೇನುಗಂಟಲಯ್ಯನ ದನಿಯಲ್ಲಿ ನಕ್ಕ. ಮಕ್ಕಳೆಲ್ಲ “ಕೋಟೆ ಬಿತ್ತು!” ಎಂದು ಕುಣಿದರು. ಮೋಸ, ಮೋಸ ಎಂದು ನಾನು ಮಣ್ಣಲ್ಲಿ ಹೊರಳಾಡಿ ಅತ್ತೆ. ಅಜ್ಜಿ ತಾತನನ್ನು ಬೈಯಲಿಲ್ಲ. ಬಿತ್ತನೆಯ ದಿನ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಬದುವಿನ ಪಕ್ಕದ ಒಂದು ಸಾಲನ್ನು ಬೀಜ ಹಾಕದೆ ಖಾಲಿ ಬಿಡಿಸಿ, “ಇದು ನಿನ್ನ ಸಾಲು ಕಣಮ್ಮ, ನೋಡ್ಕೊ” ಎಂದಳು. ಇಸ್ಕೂಲಿಗೆ ಹೋಗುವ ದಾರಿ ಅದರ ಪಕ್ಕದಲ್ಲೇ. ಉಳಿದ ಸಾಲುಗಳಲ್ಲಿ ಹಳದಿ ಹೂ ಬಂದಾಗಲೂ ಅದು ಬರಿ ಮಣ್ಣು. ಇಡೀ ಮಳೆಗಾಲ ನಾನು ಆ ಕಡೆಗೆ ತಲೆ ತಿರುಗಿಸದೆ ನಡೆದೆ.

ಮುಂದಿನ ವರ್ಷ ಪಾಳಿ ಬೇರೆಯವರದಾಗಿತ್ತು. ಹಟ ಮಾಡಿ, ಈರಣ್ಣನಿಗೆ ನನ್ನ ಗಾಜಿನ ಗೋಲಿಯನ್ನೆಲ್ಲ ಕೊಟ್ಟು ಅವನಿಂದ ಉಳಿದವರನ್ನು ಒಪ್ಪಿಸಿ, ನಾನೇ ಕೂತೆ. ಆ ಸಾಲು ತುಂಬಲೇಬೇಕಿತ್ತು. ತಾತ ಹಳೆಯ ಆಟಗಳನ್ನೆಲ್ಲ ಆಡಿದ, ಹೊಸ ನಾಲ್ಕು ಹೂಡಿದ. ನಾನು ಕಲ್ಲು. ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಕೆಮ್ಮಿದ. ಕಂಬಳಿ ಕಿತ್ತೆಸೆದ. ಕಣ್ಣು ಕೆಂಪಾಗಿಸಿಕೊಂಡು, ಗಂಟಲು ಹಿಡಿದುಕೊಂಡು, ನನ್ನ ಪಕ್ಕದ ನೀರಿನ ಚೆಂಬಿನ ಕಡೆ ಕೈ ತೋರಿಸಿದ. ಆಹಾ, ಎಂಥ ನಟನೆ! “ತೆಗೆಯಲ್ಲ!” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿ “ತೆಗೆಯಲ್ಲ! ತೆಗೆಯಲ್ಲ!” ಎಂದು ಕೂಗಿದರು. ತಾತ ನೆಲ ಬಡಿದ. ನಾವು ಇನ್ನೂ ಜೋರಾಗಿ ಕೂಗಿದೆವು. ಒಳಗಿಂದ ಅಜ್ಜಿ ಓಡಿಬಂದು ಬೆನ್ನಿಗೆ ಎರಡು ಗುದ್ದಿದಾಗ ತಾತನ ಬಾಯಿಂದ ಒಂದು ಇಡೀ ಬೀಜ ಹಾರಿ ನನ್ನ ಮಡಿಲಿಗೆ ಬಿತ್ತು. ಮಹಾರಾಯ ಅಷ್ಟು ವರ್ಷದಿಂದಲೂ ಕಂಬಳಿಯ ಮರೆಯಲ್ಲಿ, ಕತೆ ಹೇಳುತ್ತಲೇ ಬೀಜ ಮೇಯುತ್ತಿದ್ದ! “ನಾಲ್ಗೆ ತೋರ್ಸು” ಎಂದಳು ಅಜ್ಜಿ. ಎಪ್ಪತ್ತು ದಾಟಿದ ಮಾಯಗಾರ ಎಲ್ಲರ ಮುಂದೆ ನಾಲಿಗೆ ಚಾಚಿದ. ಬೆಳ್ಳಗಿತ್ತು. ಆ ದಿನ ನಾವು ನಕ್ಕ ನಗೆಯಲ್ಲಿ ಅರ್ಧದಷ್ಟನ್ನೂ ಆಮೇಲೆ ನಾನು ಎಲ್ಲೂ ನಕ್ಕಿಲ್ಲ.

ನೀರು ಕುಡಿದು ಸುಧಾರಿಸಿಕೊಂಡ ತಾತನನ್ನು ಬಿಡದೆ ಕೇಳಿದೆ, ಬಾಗಿಲು ನಿಂತಿತಲ್ಲ, ಮುಂದೇನು? ತಾತ ತಲೆ ಕೆರೆದುಕೊಂಡ. “ಗೊತ್ತಿಲ್ಲ ಕಣವ್ವ. ಇಷ್ಟು ವರ್ಷ ಯಾರೂ ಕದ ಹಿಡಿದೇ ಇರ್ಲಿಲ್ಲ. ಮುಂದಕ್ಕೆ ಕತೆ ಕಟ್ಟೋಕೇ ಹೋಗ್ಲಿಲ್ಲ. ಕದ ಹಿಡಿದೋಳು ನೀನು, ನೀನೇ ಹೇಳು.” ನನಗೆ ಆ ಹೋರಿ ಕೊಟ್ಟ ಬಡವ ನೆನಪಾದ. ಹಾಗೆಯೇ ಎಮ್ಮೆಗೆ ಬುದ್ಧಿ ಹೇಳಿ ಹಾಲು ಬಿಡಿಸುತ್ತಿದ್ದ ಮೊದಲಿನ ಮಾಯಗಾರನೂ ನೆನಪಾದ. “ಅವನು ಆಚೆನೇ ಕುಂತವ್ನೆ. ದಂಡೆಲ್ಲ ಅವನ್ನ ಬುಟ್ಟು ಹೊಂಟೋಯ್ತು. ಹಸ್ಕೊಂಡವ್ನೆ. ನಾನು ಕದ ತೆಗೆಯಲ್ಲ. ಕದದ ಕೆಳಗಿನ ಸಂದಿಲಿ ದಿನಾ ಒಂದು ರೊಟ್ಟಿ ತಳ್ತೀನಿ” ಎಂದೆ. ತಾತ ಕಿತ್ತೆಸೆದಿದ್ದ ಕಂಬಳಿಯನ್ನು ಎಳೆದು ಮಡಿಸಿಟ್ಟ. “ಲೇ, ಇದು ನನ್ನ ಕತೆಗಿಂತ ಚೆಂದಾಗೈತೆ ಕಣವ್ವ” ಎಂದ. ಅಜ್ಜಿ ಮಂಕರಿ ಎತ್ತಿಕೊಳ್ಳುತ್ತಾ “ರೊಟ್ಟಿ ಕೊಡು, ಬೀಜ ಮಾತ್ರ ಕೊಡಬ್ಯಾಡ” ಎಂದಳು. ಆ ವರ್ಷ ನನ್ನ ಸಾಲಿನಲ್ಲಿ ಹೂ ಬಂತು. ನಾನು ದಾರಿಯಲ್ಲಿ ನಿಂತು ನಿಂತು ನೋಡಿಕೊಂಡು ಇಸ್ಕೂಲಿಗೆ ತಡವಾಗಿ ಹೋದೆ.

ಈಗ ಆ ಮಾಳಿಗೆ ಇಲ್ಲ, ಹೊಂಗೆಮರವೂ ಇಲ್ಲ. ಬೀಜವನ್ನು ಯಂತ್ರ ಸುಲಿಯುತ್ತದೆ, ಯಂತ್ರಕ್ಕೆ ಯಾರೂ ಕತೆ ಹೇಳಬೇಕಾಗಿಲ್ಲ. ಮಕ್ಕಳು ಎಲ್ಲೆಲ್ಲೋ ಚದುರಿದೆವು. ಇದಕ್ಕೆಲ್ಲ ನನಗೆ ಸಂಕಟವಿದೆ, ಇಲ್ಲವೆನ್ನುವುದಿಲ್ಲ. ಆದರೆ ಸಂತೆಯಲ್ಲಿ ಆ ವಾಸನೆ ಬಂದಾಗ ಎಲ್ಲಕ್ಕಿಂತ ಮುಂದೆ ಬಂದು ನಿಂತದ್ದು ಅಜ್ಜಿಯ ಮುಖ.

ಅದು ನಾನು ಏಳನೇ ಕ್ಲಾಸು ಮುಗಿಸಿದ ವರ್ಷ. ಆ ಚಳಿಗಾಲದಲ್ಲಿ ತಾತ, ಎರಡೇ ದಿನ ಮಲಗಿ, ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟಿದ್ದ. ಮುಂಗಾರಿಗೆ ಮೊದಲು ಎಂದಿನಂತೆ ಕಾಯಿಗುಡ್ಡೆ ಸುರಿದು, ಅಜ್ಜಿ ನೀರು ಚಿಮುಕಿಸಿದಳು. ಸಿಪ್ಪೆ ಒಡೆಯುವ ಪಟಪಟ ಸದ್ದಷ್ಟೇ. ಹಟ್ಟಿಯ ಚಿಕ್ಕಮಕ್ಕಳು ತಡೆಯಲಾರದೆ “ಲಚ್ಮಕ್ಕ, ನೀನು ಮಾಯಗಾರ ಆಗು. ಅಜ್ಜಿ ಕದ ಕಾಯ್ಲಿ” ಎಂದು ಪೀಡಿಸಿದರು. ಗೂಟದಲ್ಲಿ ತೂಗುತ್ತಿದ್ದ ಕಂಬಳಿಯನ್ನು ಅಜ್ಜಿಯೇ ತಂದು ಕೊಟ್ಟಳು. ಅದರಲ್ಲಿ ಇನ್ನೂ ಕುರಿಯ ವಾಸನೆಯಿತ್ತು, ತಾತನದೂ. ಕೊಪ್ಪೆ ಹಾಕಿಕೊಂಡು ಆರು ಬಾಗಿಲು ದಾಟಿದೆ. ತೆಲುಗು ತಪ್ಪಿ ಎಲ್ಲರೂ ನಕ್ಕರು. ಏಳನೆಯದರಲ್ಲಿ ಅಜ್ಜಿ ಮಂಕರಿ ಮಡಿಲಲ್ಲಿಟ್ಟುಕೊಂಡು, ತುಟಿ ಬಿಗಿದು, ಮಾಯಗಾರನಿಗೆ ಹೆದರದವಳಂತೆ ನನ್ನನ್ನೇ ನೋಡುತ್ತಾ ಕೂತಿದ್ದಳು. ನನ್ನ ಯಾವ ಮಾತೂ ಅವಳಿಗೆ ತಟ್ಟಲಿಲ್ಲ. ಕೊನೆಗೆ ತಮಾಷೆಗೆಂದೇ ಕಂಬಳಿ ತೆಗೆದು ಪಕ್ಕಕ್ಕೆ ಹಾಕಿ, ಬೆವರು ಒರೆಸಿಕೊಂಡು, ತಾತ ಅಂದು ನನಗೆ ಹೇಳಿದ್ದ ಹಾಗೆಯೇ ಹೇಳಿದೆ:

“ಕತೆ ಸಾಕು ಬುಡವ್ವ, ಗೆದ್ದೆ ನೀನು. ಗಂಟ್ಲು ಒಣಗೈತೆ. ಒಂದಿಷ್ಟು ಬೀಜ ಕೊಡು, ಬಾಯಾಡುಸ್ಬೇಕು.”

ಆ ಮೋಸ ಅವಳಿಗೆ ಗೊತ್ತಿತ್ತು. ಆ ಮೋಸಕ್ಕೆ ಒಂದು ಸಾಲನ್ನೇ ಖಾಲಿ ಬಿಡಿಸಿದವಳು ಅವಳು. ಅಜ್ಜಿ ಮಂಕರಿಗೆ ಕೈ ಹಾಕಿ, ತುಂಬಿದ ಒಂದು ಹಿಡಿ ಬೀಜ ಎತ್ತಿ, ನನ್ನ ಬೊಗಸೆಗೆ ಸುರಿದಳು. ಒಂದು ಬೀಜ ಕೆಳಗೆ ಬಿತ್ತು. ಅದನ್ನೂ ಹೆಕ್ಕಿ ಕೊಟ್ಟಳು. ಕೋಟೆ ಬಿತ್ತೆಂದು ಯಾರೂ ಕೂಗಲಿಲ್ಲ. “ಬೆಲ್ಲ ಒಳಗೈತೆ, ತಗೊಂಡು ತಿನ್ನು” ಎಂದು ಮತ್ತೆ ಕಾಯಿ ಸುಲಿಯಲು ಬಾಗಿದಳು.

ಬಿತ್ತನೆಯ ದಿನ ನೇಗಿಲ ಹಿಂದೆ ಬೀಜ ಹಾಕಿಕೊಂಡು ಬಂದ ಅಜ್ಜಿ ಬದುವಿನ ಪಕ್ಕದ ನನ್ನ ಹಳೆಯ ಸಾಲಿಗೆ ಬಂದಾಗ ಕೈ ನಿಲ್ಲಿಸಿದಳು. ಮಂಕರಿಯಲ್ಲಿ ಇನ್ನೂ ಬೀಜ ಉಳಿದಿತ್ತು. ಆದರೂ ಆ ಒಂದು ಸಾಲಿನ ಉದ್ದಕ್ಕೂ ಬರಿಗೈಯಲ್ಲಿ, ನಿಧಾನವಾಗಿ, ಕೊನೆಯವರೆಗೂ ನಡೆದಳು.